ನಿಂಗವ್ವನ ಒಲೆ, ಛೋಕಿಯ ಹಿಟ್ಟು

ಸಾಗವಾನಿ ಮರಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಲೋಂಡಾ ಹಾದಿಯ ಟಿಬೆಟ್ ನಿರಾಶ್ರಿತರ ಶಿಬಿರದಲ್ಲಿ, ಮಕ್ಕಳ ಅಡುಗೆಮನೆಯ ನಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಊದುತ್ತಿದ್ದಾಳೆ. ಕಣ್ಣು ಮಾತ್ರ ಪಕ್ಕದ ಒಲೆಯ ಮೇಲೆ. ಅಲ್ಲಿ ಶಿಬಿರದ ಅಜ್ಜಿ ಛೋಕಿ ಜೋಳದ ಹಿಟ್ಟು ಹುರಿಯುತ್ತಿದ್ದಾಳೆ. ಮಕ್ಕಳೆಲ್ಲ ಆಕೆಯ ಸುತ್ತ.

"ನೋಡ್ರಿ, ಬೆಲ್ಲಕ್ಕ ಇರುವಿ ಮುತ್ತಿದಂಗ ಮುತ್ಯಾವ," ಎನ್ನುತ್ತಾಳೆ ನಿಂಗವ್ವ, ಶಿಬಿರ ನೋಡಲು ಬಂದ ನಮ್ಮತ್ತ ತಿರುಗಿ.

ಎಪ್ಪತ್ತೊಂದನೆಯ ಇಸವಿಯಲ್ಲಿ ಶಿಬಿರ ಶುರುವಾದಾಗಿನಿಂದ ಬೀಡಿ ಗ್ರಾಮದ ಈ ವಿಧವೆ ಇಲ್ಲಿನ ಮಕ್ಕಳಿಗೆ ಹಾಲು ಕಾಯಿಸಿ ಕೊಟ್ಟವಳು. ಈ ವರ್ಷ ಪರದೇಶದ ದೇಣಿಗೆ ಸೊರಗಿದೆ. ಹಾಲಿನ ಪುಡಿ ನಿಂತಿದೆ, ಬೆಳಗಾವಿಯಿಂದ ಬರುತ್ತಿದ್ದ ನರ್ಸಬಾಯಿಯೂ ಬರುವುದಿಲ್ಲ. ಉಳಿದದ್ದು ಜೋಳ. ನಿಂಗವ್ವ ತನ್ನ ಮನೆಯ ರೀತಿಯಲ್ಲೇ ಹಿಟ್ಟು ಹುಳಿ ಬರಿಸಿ ಅಂಬಲಿ ಕಾಸಿದಳು. ಮಕ್ಕಳು ಮುಖ ಕಿವುಚಿ ಉಗುಳಿದವು. ಛೋಕಿ ಅದೇ ಹಿಟ್ಟನ್ನು ಟಿಬೆಟ್ಟಿನ ರೀತಿಯಲ್ಲಿ ಹುರಿದು, ಉಪ್ಪು ಹಾಕಿದ ಚಹಾದಲ್ಲಿ ಕಲಸಿ ಉಂಡೆ ಕಟ್ಟಿದಳು. ಮಕ್ಕಳು ಬೆರಳು ನೆಕ್ಕಿದವು.

"ನನ್ನ ಕೈಯಾಗ ಬೆಳದ ಹುಡುಗೂರ್ರಿ ಇವು. ಹೊಟ್ಟಿಕಿಚ್ಚ ಐತಿ, ಇಲ್ಲಂತ ಯಾಕ ಸುಳ್ಳ ಹೇಳ್ಲಿ?"

ಹೋದ ವಾರ ಆಕೆ ಬೇಕೆಂದೇ ಛೋಕಿಗೆ ಹಸಿ ಕಟ್ಟಿಗೆ ಕೊಟ್ಟಳು. ಹೊಗೆಯಲ್ಲಿ ಹಿಟ್ಟು ಅರೆಬರೆ ಹುರಿದಂತಾಯಿತು. ಅದನ್ನು ತಿಂದ ಪುಟ್ಟ ಪೆಮಾ ಹೊಟ್ಟೆ ಹಿಡಿದುಕೊಂಡು ಸಂಜೆಯವರೆಗೆ ನಿಂಗವ್ವನ ಮಡಿಲಲ್ಲೇ ನರಳಿದಳು. ಕರೆಯಲು ನರ್ಸಬಾಯಿ ಇರಲಿಲ್ಲ. ಓಂಕಾಳು ಅರೆದು ಕುಡಿಸಿ, ಹೊಟ್ಟೆ ನೀವುತ್ತ ಕೂತವಳು ನಿಂಗವ್ವನೇ.

ಇವತ್ತು ಶಿಬಿರದ ಮೇಲ್ವಿಚಾರಕ ಚನ್ನಬಸಯ್ಯ ಬಾಗಿಲಲ್ಲಿ ನಿಂತು ಹೇಳುತ್ತಾರೆ: "ಇನ್ಮ್ಯಾಲ ಕಟಗಿ ಒಂದ ಒಲಿಗಷ್ಟ, ನಿಂಗವ್ವಾ. ಯಾವುದ ಹಚ್ಚೂದು, ನೀನ ಹೇಳ."

ನಿಂಗವ್ವ ಅಂಬಲಿಯ ಗಡಿಗೆ ಇಳಿಸುತ್ತಾಳೆ. ತನ್ನ ಒಲೆಯ ಕೆಂಡವನ್ನೆಲ್ಲ ಬಳಿದು ಛೋಕಿಯ ಒಲೆಗೆ ಹಾಕುತ್ತಾಳೆ.

"ಏ ಮುದುಕಿ, ಚಲೋತ್ನಂಗ ಹುರಿ. ಹಿಟ್ಟ ಹಸಿ ಉಳದ್ರ ನಿನ್ನ ಬಿಡಾಂಗಿಲ್ಲ."

ಛೋಕಿ ಬೊಚ್ಚು ಬಾಯಲ್ಲಿ ನಗುತ್ತಾಳೆ. "ನೀ ಹಸಿ ಕಟಗಿ ಕೊಡಬ್ಯಾಡ, ನಿಂಗವ್ವಾ."

ನಿಂಗವ್ವ ತಲೆ ತಗ್ಗಿಸುತ್ತಾಳೆ. ಆದರೆ ಉಂಡೆಯ ಬುಟ್ಟಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ. "ಹಂಚೂದು ನಾನ," ಎಂದು ಎಳೆದುಕೊಳ್ಳುತ್ತಾಳೆ. ಮೊದಲ ಉಂಡೆ ಪೆಮಾಳಿಗೆ.

ಇನ್ನೇನು ಬೇಕು ಎಂದು ನಾವು ಕೇಳಿದರೆ ಛೋಕಿಯ ಕಡೆ ಓರೆಗಣ್ಣು ಹಾಯಿಸುತ್ತಾಳೆ.

"ಹಾಲಿನ ಪುಡಿ ಮತ್ತ ಬರ್ಲಿ ಅಷ್ಟರಿ. ನಾ ಕಾಸಿದ ಹಾಲಿಗೆ ಈ ಮುದುಕೀನೂ ಒಂದ ದಿನ ಬಟ್ಟಲಾ ಹಿಡಕೊಂಡ ಪಾಳಿ ಹಚ್ಚಬೇಕು."