ಮರಳಲ್ಲಿ ಹೂತ ಕಾರು, ಮಗಳ ಸಾಹಸಕಥೆ

(ಸೌದಿ ಅರೇಬಿಯಾ, 2014) ಕಳೆದ ಶುಕ್ರವಾರ ನಮ್ಮ ಕಾರು ಮರಳಲ್ಲಿ ಹೂತುಹೋಯಿತು.

ಜುಬೈಲಿನಿಂದ ಹೊರಟವರು ನಾವು. ಒಂಟೆ ಹಿಂಡು ನೋಡುವ ಆಸೆಗೆ ಹೈವೇ ಬಿಟ್ಟು, ಟೈರಿನ ಗುರುತು ಹಿಡಿದು ಒಳಗೆ ಹೋದೆವು. (ಗುರುತು ದೊಡ್ಡ ಜೀಪಿನದು, ನಮ್ಮದು ಪುಟ್ಟ ಸೆಡಾನ್. ಹೊಳೆಯಬೇಕಿತ್ತು, ಹೊಳೆಯಲಿಲ್ಲ!) ಮೊಬೈಲಿಗೆ ಸಿಗ್ನಲ್ ಇಲ್ಲ. ಇದ್ದದ್ದು ಒಂದೇ ಬಾಟಲಿ ನೀರು, ಅದೂ ಅರ್ಧ. ತಲೆಯ ಮೇಲೆ ಮಧ್ಯಾಹ್ನದ ಬಿಸಿಲು.

ನನ್ನ ಗಂಡ ಸ್ಟಿಯರಿಂಗ್ ಹಿಡಿದು ಕೂತರು. ನಾನೂ ಮಗಳು ಸಾನ್ವಿಯೂ ಹಿಂದಿನಿಂದ ತಳ್ಳಿದೆವು. ಇವರು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಒಳಗಿಳಿಯಿತು. ಮರಳೆಲ್ಲ ನಮ್ಮಿಬ್ಬರ ಬಾಯಿಗೆ.

ಕೊನೆಗೆ ಇವರು ಇಳಿದು ದೂರಕ್ಕೆ ಕೈ ತೋರಿಸಿದರು. ಕಾರ್ಖಾನೆಯ ಚಿಮಣಿಯ ಬೆಂಕಿ ಕಾಣುತ್ತಿತ್ತು. "ಅಲ್ಲೇ ಉಂಟಲ್ಲ ಮಾರಾಯ್ತಿ, ನಾನು ನಡ್ಕೊಂಡು ಹೋಗಿ ಯಾರನ್ನಾದ್ರೂ ಕರ್ಕೊಂಡು ಬರ್ತೇನೆ" ಎಂದರು. ದಿನಾ ಆ ಬೆಂಕಿಯ ಬುಡದಲ್ಲೇ ದುಡಿಯುವ ಇವರಿಗೆ ಅದು ಎಲ್ಲಿಂದ ನೋಡಿದರೂ ಹತ್ತಿರವೇ. ಆ ಬಿಸಿಲಲ್ಲಿ ಈ ಮನುಷ್ಯ ಹೊರಟರೆ ವಾಪಸ್ ಬರುವುದುಂಟೇ?

ಸಾನ್ವಿ ಅಪ್ಪನ ಅಂಗಿ ಹಿಡಿದು ನಿಲ್ಲಿಸಿದಳು. ಗಾಡಿ ಬಿಟ್ಟು ಹೋದವರೇ ಮೊದಲು ಕಳೆದುಹೋಗುವುದು ಎಂದು ಅವಳ ಪುಸ್ತಕಗಳಲ್ಲಿ ಇದೆಯಂತೆ.

ಆ ಪುಸ್ತಕಗಳ ಬಗ್ಗೆ ಹೇಳಬೇಕು. ಹತ್ತು ವರ್ಷದ ಈ ಹುಡುಗಿ ಸ್ಕೂಲ್ ಲೈಬ್ರರಿಯಿಂದ ತರುವುದೆಲ್ಲ ಒಂದೇ ಜಾತಿಯ ಕಥೆ. ಕಾಡಿನಲ್ಲಿ ದಾರಿ ತಪ್ಪಿದ ಮಕ್ಕಳು, ಹಿಮದಲ್ಲಿ ಸಿಕ್ಕಿಬಿದ್ದ ಮಕ್ಕಳು, ಕರಡಿ ಎದುರಿಸಿದ ಮಕ್ಕಳು. ಎಸಿ ಹಾಕಿದ ಫ್ಲ್ಯಾಟಿಗೆ ಕರಡಿ ಎಲ್ಲಿಂದ ಬರಬೇಕು ಹೇಳಿ? ಅದರ ಬದಲು ಗಣಿತ ಮಾಡು ಎನ್ನುವುದು ನಮ್ಮ ಮನೆಯ ನಿತ್ಯದ ಮಂತ್ರ. (ನಿಮ್ಮ ಮನೆಯದೂ ಅದೇ ಇರಬಹುದು.)

ಆದರೆ ಆ ಹೊತ್ತಿಗೆ ನಮ್ಮಲ್ಲಿ ತಲೆ ಕೆಡದೆ ನಿಂತದ್ದು ಅವಳೊಬ್ಬಳೇ. ಟೈರಿನ ಗಾಳಿ ಸ್ವಲ್ಪ ಬಿಡಬೇಕು, ಆಗ ಅದು ಅಗಲವಾಗಿ ಮರಳಲ್ಲಿ ಹೂಳುವುದಿಲ್ಲ ಎಂದಳು. ಇವರು ಕೀಲಿಯ ತುದಿಯಿಂದ ವಾಲ್ವ್ ಒತ್ತಿ ಬಿಟ್ಟರು. ಚಕ್ರದ ಮುಂದಿನ ಮರಳು ಕೈಯಲ್ಲೇ ತೋಡಿದೆವು. ಕಾರಿನೊಳಗಿನ ಮ್ಯಾಟುಗಳನ್ನು ಎಳೆದು ಚಕ್ರದಡಿಗೆ ತುರುಕಿದೆವು. ಎಲ್ಲ ತಯಾರಾದ ಮೇಲೆ ಇವರು ಮತ್ತೆ ಸ್ಟಿಯರಿಂಗಿನ ಮುಂದೆ ಕೂತರು. ನಾವಿಬ್ಬರೂ ಮತ್ತೆ ಹಿಂದೆ.

ಸಾನ್ವಿ ತಳ್ಳಲಿಲ್ಲ. ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಅಪ್ಪನಿಗೆ ಅಲ್ವಾ ಎಲ್ಲರಿಗಿಂತ ಜಾಸ್ತಿ ಶಕ್ತಿ? ಮತ್ತೆ ಅವರು ಎಂತಕ್ಕೆ ಕೂತದ್ದು?"

ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ನಿಜವೇ! ಎಂಬತ್ತು ಕೆ.ಜಿ. ಆಸಾಮಿ ಒಳಗೆ ಕೂತು, ಕಡ್ಡಿಯಂಥ ಇಬ್ಬರು ಹೊರಗೆ ತಳ್ಳುವುದು ಯಾವ ಸೀಮೆಯ ಲೆಕ್ಕ? ಸೌದಿಯಲ್ಲಿ ಹೆಂಗಸರು ಕಾರು ಓಡಿಸುವಂತಿಲ್ಲ. ಆ ಕಾನೂನು ನಮ್ಮೊಳಗೆ ಎಷ್ಟು ಇಳಿದಿತ್ತೆಂದರೆ, ಪೊಲೀಸರೂ ಇಲ್ಲದ, ನರಪಿಳ್ಳೆಯೂ ಇಲ್ಲದ ಮರುಭೂಮಿಯಲ್ಲೂ ನಾವದನ್ನು ಶಿಸ್ತಾಗಿ ಪಾಲಿಸುತ್ತಿದ್ದೆವು. ಮದುವೆಗೆ ಮುಂಚೆ ಉಡುಪಿಯಲ್ಲಿ, ಮೈಮೇಲೆ ನುಗ್ಗುವ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಕಾರು ಓಡಿಸಿದವಳು ನಾನು ಎಂಬುದು ನನಗೇ ಮರೆತಿತ್ತು.

"ಬ್ರೇಕ್ ಯಾವುದು ಅಂತ ನೆನಪುಂಟಾ?" ಎಂದರು ಇವರು.

ಇವರನ್ನು ಇಳಿಸಿ ಒಳಗೆ ಕೂತೆ. ಊರಿನ ಕಾರಿನಂತಲ್ಲ, ಸ್ಟಿಯರಿಂಗ್ ಎಡಕ್ಕಿತ್ತು. ಹಿಂದಿನಿಂದ ಇವರು ಹೆಗಲು ಕೊಟ್ಟರು, ಸಾನ್ವಿ ನಿಧಾನ ನಿಧಾನ ಎಂದು ಕೂಗುತ್ತಿದ್ದಳು. ನಿಧಾನವಾಗಿಯೇ ಒತ್ತಿದೆ. ಕಾರು ಒಮ್ಮೆ ಗುರ್ರೆಂದಿತು, ಅಲುಗಿತು, ಮ್ಯಾಟು ಹತ್ತಿತು, ಹೊರಗೆ ಬಂತು!

ನಿಲ್ಲಿಸಬೇಡ ಎಂದಳು ಮಗಳು. ನಿಲ್ಲಿಸುವವರು ಯಾರು? ಕಿಟಕಿಯೆಲ್ಲ ಇಳಿಸಿ, ಗಟ್ಟಿ ನೆಲದ ಮೇಲೆ, ಹೈವೇ ಕಾಣುವ ತನಕ ಓಡಿಸಿದೆ. ಕನ್ನಡಿಯಲ್ಲಿ ಅಪ್ಪ, ಮಗಳು ಮ್ಯಾಟು ಹೊತ್ತು ಕುಣಿಯುತ್ತಾ ಓಡಿ ಬರುತ್ತಿದ್ದರು. ಅಷ್ಟು ಖುಷಿ ಈ ದೇಶಕ್ಕೆ ಬಂದ ಮೇಲೆ ನನಗೆ ಆಗಿರಲಿಲ್ಲ.

ಡಾಂಬರಿನ ಅಂಚಿನಲ್ಲಿ ನಿಲ್ಲಿಸಿದೆ. ಏದುಸಿರು ಬಿಡುತ್ತಾ ಬಂದ ಇವರು, ಮದುವೆಯಾದ ಮೇಲೆ ಮೊದಲ ಸಲ, ನನಗಾಗಿ ಕಾರಿನ ಬಾಗಿಲು ತೆರೆದು ಹಿಡಿದರು. ಇಳಿಯುವುದಕ್ಕೆ.

ಎಲ್ಲರನ್ನೂ ಪಾರು ಮಾಡಿದ ಹೀರೋ ರಸ್ತೆ ಸಿಕ್ಕ ಕೂಡಲೇ ಪಕ್ಕದ ಸೀಟಿಗೆ ಹೋಗಿ ಕೂರುವ ಸಾಹಸಕಥೆಯನ್ನು ನೀವೆಲ್ಲಾದರೂ ಓದಿದ್ದೀರಾ?