ಬಾವಿಯಲ್ಲಿ ತೂಗಿದ ಜಟಾಮಾಂಸಿ

ನನ್ನ ಅಪ್ಪ ಶಿವಮೊಗ್ಗದ ಪೇಟೆಯಲ್ಲಿ ವೈದ್ಯರಾಗಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನನಗೆ ಹನ್ನೊಂದು ವರ್ಷ. ಬದರಿಯಿಂದ ಬಂದ ಬೈರಾಗಿಯೊಬ್ಬ ಹಸಿ ಪಾಚಿಯಲ್ಲಿ ಸುತ್ತಿದ ಜಟಾಮಾಂಸಿಯ ಬೇರು ಕೊಟ್ಟುಹೋದ. ಅಂಗಡಿಯಲ್ಲಿ ಸಿಗುವ ಒಣ ಬೇರನ್ನಷ್ಟೇ ಕಂಡಿದ್ದ ಅಪ್ಪನಿಗೆ ಅದು ಜೀವಂತವಾಗಿದೆ ಎಂಬುದೇ ದೊಡ್ಡ ಸಂಭ್ರಮ. ಕರಡಿಯ ಕೂದಲಿನಂಥ ಬೇರು, ಮೂಸಿದರೆ ಮಣ್ಣು ಬೆರೆತ ಘಾಟು. ಹಿಮ ಕರಗುವ ಇಳಿಜಾರಿನ ಕಲ್ಲುಸಂದಿಯಲ್ಲಿ ಬೆಳೆಯುವ ಗಿಡಕ್ಕೆ ನಮ್ಮೂರ ಸೆಕೆ ಹೇಗೆ ಹಿಡಿಸೀತು? ಅಪ್ಪ ತುಂಗೆಯ ಮರಳಿಗೆ ಎಲೆಗೊಬ್ಬರ ಬೆರೆಸಿ ಕುಂಡದಲ್ಲಿ ನೆಟ್ಟರು. ಎಳೆಬಿಸಿಲು ತೋರಿಸಿ, ಬಿಸಿಲೇರುವ ಮೊದಲು ಹಗ್ಗ ಕಟ್ಟಿ ಬಾವಿಯೊಳಗಿನ ತಂಪಿಗೆ ಇಳಿಸಬೇಕು.

ಆ ಕೆಲಸ ಅತ್ತೆಯದು. ಅಪ್ಪನ ತಂಗಿ. ಅವಳ ಗಂಡನಿಗೆ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸುವ ಕೆಲಸ. ಅವನು ಬೆಲ್ಟಿನಲ್ಲಿ ಹೊಡೆದ ಬಾಸುಂಡೆ ಹೊತ್ತು ಅವಳು ಓಡಿಬಂದದ್ದು ಅದು ಮೂರನೆಯ ಸಲ. ಹಿಂದೆ ಎರಡು ಸಲವೂ ಅಪ್ಪ, "ಹೊಂದ್ಕೊಂಡು ಹೋಗಮ್ಮ" ಎಂದು ತಾವೇ ರೈಲು ಹತ್ತಿಸಿದ್ದರು.

ಒಂದು ಬೆಳಿಗ್ಗೆ ಅಪ್ಪ ರೋಗಿಯ ಮನೆಗೆ ಹೋಗಿದ್ದಾಗ ಮಾವ ಹಿತ್ತಲಿಗೇ ನುಗ್ಗಿದ. ಅತ್ತೆ ಕುಂಡ ಇಳಿಸುತ್ತಿದ್ದಳು.

"ನಡಿ ಮನೆಗೆ."

"ಬರಲ್ಲ."

ಅವನು ಜಡೆಗೆ ಕೈಹಾಕಿ ಅವಳ ಹಣೆಯನ್ನು ಬಾವಿಕಟ್ಟೆಗೆ ಬಡಿದ. ಹಗ್ಗ ಜಾರಿ ಕುಂಡ ನೀರಿಗೆ ಬಿತ್ತು. ಇನ್ನೊಮ್ಮೆ ಬಡಿದ. ನಾನು ಹಿತ್ತಲ ಜಗಲಿಯ ಕಂಬ ತಬ್ಬಿ ನಿಂತಿದ್ದೆ. ಅವಳನ್ನು ಜಗಲಿಯ ಮೇಲೆ ಎಳೆದೊಯ್ಯುವಾಗ ಔಷಧಿ ಕುಟ್ಟುವ ಕಬ್ಬಿಣದ ಹಾರೆ ಅವಳ ಕೈಗೆ ಸಿಕ್ಕಿತು. ಬೀಸಿದಳು. ಅವನ ಮುಂಗೈ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಕುಸಿದ ಮೇಲೂ ಭುಜಕ್ಕೆ ಇನ್ನೆರಡು ಕೊಟ್ಟಳು.

ಅಪ್ಪ ಬಂದಾಗ ಅವನು ನೆಲದಲ್ಲಿ ನರಳುತ್ತಿದ್ದ. ಅತ್ತೆ ಮುಖದ ತುಂಬ ರಕ್ತ, ಕೈಯಲ್ಲಿ ಇನ್ನೂ ಹಾರೆ. ಅಪ್ಪ ಮೊದಲು ಅವಳ ಹಣೆ ತೊಳೆದು ಕಟ್ಟಿದರು. ಆಮೇಲೆ ಬಿದಿರ ದಬ್ಬೆ ತಂದು ಅವನ ಪಕ್ಕ ಕೂತರು.

"ಗಟ್ಟಿಯಾಗಿ ಕಟ್ಟು ಅಣ್ಣ," ಅಂದಳು ಅತ್ತೆ. "ಸಂಜೆ ರೈಲಿಗೆ ಹೋಗ್ಲಿ."

"ಎರಡು ಸಲ ನಾನೇ ಕಳಿಸ್ದೆ," ಅಂದರು ಅಪ್ಪ, ಅವಳ ಕಡೆ ನೋಡದೆ.



ಮಾರನೆಯ ದಿನ ಕುಂಡವನ್ನು ಬಾವಿಯಿಂದ ಎತ್ತಿದೆವು. ವಾರದೊಳಗೆ ಬೇರು ಕೊಳೆಯಿತು. ಮಾವ ಮತ್ತೆ ಬರಲಿಲ್ಲ. ಕೇರಿಯ ಹೆಂಗಸರು ಎಷ್ಟೋ ದಿನ ಅತ್ತೆಯನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ನನಗೂ ಕೆಲವು ದಿನ ಅವಳ ಹತ್ತಿರ ಹೋಗಲು ಹೆದರಿಕೆ. ಅದು ಅವಳಿಗೆ ಗೊತ್ತಿತ್ತು. ತಲೆ ಬಾಚಲು ನನ್ನನ್ನು ಕೂರಿಸಿಕೊಂಡಾಗ ಬಲು ಮೆಲ್ಲಗೆ ಬಾಚುತ್ತಿದ್ದಳು.