ಕವಾಯತ್ ಮಾಸ್ತರರೂ ನನ್ನ ಎಡ ಮೊಣಕೈಯೂ

ಮಾಸ್ತರರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಉದಗೀರದ ಶಾಲೆಯ ಮೈದಾನದಲ್ಲಿ ವರ್ಷಾನುಗಟ್ಟಲೆ ಬಿಸಿಲಿಗೆ ಎದುರಾಗಿ ನಿಂತು, ಹುಡುಗರ ಸಾಲು ನೆಟ್ಟಗಿದೆಯೇ ಎಂದು ಒಂದು ಕಣ್ಣು ಕಿರಿದು ಮಾಡಿ ನೋಡಿ ನೋಡಿ, ಕೊನೆಗೆ ಅದು ಹಾಗೆಯೇ ನಿಂತುಬಿಟ್ಟಿತ್ತು. ಎದುರಿಗಿದ್ದವರಿಗೆ ಮಾತ್ರ ಈ ಮನುಷ್ಯ ತಮ್ಮನ್ನು ನಂಬುತ್ತಿಲ್ಲ ಎನ್ನಿಸುತ್ತಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು. ನಾನೂ ಅವರನ್ನು ನಂಬುತ್ತಿರಲಿಲ್ಲ, ಆದ್ದರಿಂದ ತಕರಾರೇನೂ ಇರಲಿಲ್ಲ.

ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿದ್ದಾಗ ನನಗೆ ಕವಾಯತು ಕಲಿಸಿದವರು ಅವರು. ಮನೆಮಾತು ಮರಾಠಿ, ಹತ್ತಿರದ ವಲಾಂಡಿ ಹಳ್ಳಿಯಲ್ಲಿ ನಮ್ಮ ಕನ್ನಡದವರ ಓಣಿಯಲ್ಲೇ ಬೆಳೆದದ್ದರಿಂದ ಕನ್ನಡ ನಮ್ಮಷ್ಟೇ ಸಲೀಸು. ನಿವೃತ್ತರಾದ ಮೇಲೂ ಬೆಳಗಾದರೆ ಕಾಲೇಜಿನ ಮೈದಾನಕ್ಕೆ ಬಂದು, ನಮ್ಮಂಥ ಮುದುಕರನ್ನು ಸಾಲಾಗಿ ನಿಲ್ಲಿಸಿ, "ಸಾವಧಾನ್!" ಎಂದು ಕೂಗಿ ವ್ಯಾಯಾಮ ಮಾಡಿಸುತ್ತಿದ್ದರು. ಅದೂ ಪುಕ್ಕಟೆ. ಈ ಪುಕ್ಕಟೆ ಎಂಬುದು ನನಗೆ ಮೊದಲಿನಿಂದಲೂ ಹಿಡಿಸದ ಮಾತು.

ನಾನು ಕಾಳಿನ ಪೇಟೆಯಲ್ಲಿ ಅಡತಿ ಅಂಗಡಿ ನಡೆಸಿದವನು. ತೊಗರಿ ಚೀಲದ ಮೇಲಿನ ಕಾಳು ನೋಡಿ ಎಂದೂ ಧಾರಣೆ ಹೇಳಿದವನಲ್ಲ. ತಳದತನಕ ಚುಚ್ಚಿ, ನಾಲ್ಕು ಕಾಳು ತೆಗೆದು, ಬಾಯಲ್ಲಿ ಕಡಿದು, ಆಮೇಲೆ ಮಾತು. ಅಂಗಡಿಯನ್ನು ಮಗನಿಗೆ ಒಪ್ಪಿಸಿದೆ, ಚಟ ಮಾತ್ರ ನನ್ನ ಹತ್ತಿರವೇ ಉಳಿಯಿತು. "ನೀವು ಪ್ರಸಾದ ಕೊಟ್ರೂ ಮೂಸಿ ನೋಡಿ ತಿಂತೀರಿ" ಎಂದು ಮನೆಯಾಕೆ ಅನ್ನುವುದುಂಟು.

ಮೈದಾನಕ್ಕೆ ಹೋಗುವಂತೆ ಮಾಡಿದ್ದು ಸಕ್ಕರೆ ಕಾಯಿಲೆ. ದಿನಾ ಮೈ ದಂಡಿಸದಿದ್ದರೆ ಕಾಲಿಗೆ ಬರುತ್ತದೆ, ಕಣ್ಣಿಗೆ ಬರುತ್ತದೆ ಎಂದು ಡಾಕ್ಟರರು ಹೆದರಿಸಿದ್ದರು. ಮಾಸ್ತರರ ಸಾಲಿನಲ್ಲಿ ನಿಂತೆ. ಕೈ ಬೀಸುವುದು, ಕೂತು ಏಳುವ ಬೈಠಕ್, ಗೋಡೆಗೆ ಕೈಯೂರಿ ದಂಡ ಹೊಡೆಯುವುದು. ಒಂದು ವರ್ಷದಲ್ಲಿ ಸಕ್ಕರೆ ಇಳಿಯಿತು, ಹೊಟ್ಟೆಯೂ ಇಳಿಯಿತು. ಅರವತ್ತೇಳರಲ್ಲಿ ಹೀಗೆ ಮೈ ಹಗುರಾದದ್ದು ನನಗೇ ಅಚ್ಚರಿ. ಅಷ್ಟರಲ್ಲಿ ಎಡ ಮೊಣಕೈ ನೋಯತೊಡಗಿತು.

ಮೊದಮೊದಲು ಒಳಬದಿಗೆ ಸಣ್ಣ ನೋವು. ಆಮೇಲೆ ಕಿರುಬೆರಳು ಜುಮುಗುಟ್ಟುವುದು, ಕೈಯಲ್ಲಿದ್ದ ತಂಬಿಗೆ ಸಡಿಲಾಗುವುದು. ಇಷ್ಟನ್ನು ಎಲ್ಲರಿಗೂ ಹೇಳಿದೆ. ಯಾರಿಗೂ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸುತ್ತಾರೆ. ಒಂದು ಬೆಳಿಗ್ಗೆ ಪೂಜೆಯ ನಡುವೆ ಬೆರಳು ಜೋಮು ಹಿಡಿದು, ಲಿಂಗ ಅಂಗೈಯ ಅಂಚಿಗೆ ಸರಿಯಿತು. ಬಲಗೈಯಿಂದ ಹಿಡಿದುಕೊಂಡೆ. ಲಿಂಗ ಕೈಜಾರುವುದೆಂದರೆ ನಮ್ಮವರಿಗೆ ಪ್ರಾಣ ಹೋದಂತೆಯೇ. ವ್ಯಾಯಾಮ ಬಿಟ್ಟರೆ ಸಕ್ಕರೆ ಏರುತ್ತದೆ, ಬಿಡದಿದ್ದರೆ ನಾಳೆ ಲಿಂಗವೇ ನೆಲಕ್ಕೆ ಬೀಳುತ್ತದೆ. ಹೀಗೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಇದೆಲ್ಲ ಮಾಸ್ತರರ ಗೋಡೆ ದಂಡದ ಪ್ರತಾಪ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು. ಮೊಣಕೈ ಹಿಡಿದುಕೊಂಡು ಹೋಗಿ ಅವರೆದುರು ನಿಂತ ದಿನ ಅವರ ಮುಖ ಒಮ್ಮೆಲೇ ಕಪ್ಪಿಟ್ಟಿತು. ತಪ್ಪು ಮಾಡಿದವನ ಮುಖ ಎಂದುಕೊಂಡೆ.

"ಇವತ್ತಿಂದ ದಂಡ ಬಂದ್" ಅಂದರು. "ಆದ್ರ ಮನ್ಯಾಗ ಕೂಡಬ್ಯಾಡ. ಕೈ ಮುನಿಸಿಕೊಂಡ್ರ ಕಾಲಿಗೇನ್ ಧಾಡಿ? ಬೈಠಕ್ ಹೊಡಿ, ನಡಿ."

ಆಮೇಲೆ ಶುರುವಾಯಿತು ಅವರ ವಿಚಾರಣೆ. ಎದ್ದಾಗಿನಿಂದ ಮಲಗುವತನಕ ಏನೇನು ಮಾಡುತ್ತೀ, ಒಂದೊಂದಾಗಿ ಹೇಳು. ನೀರು ಸೇದುತ್ತೀಯಾ, ಗಾಡಿ ಹೊಡೆಯುತ್ತೀಯಾ, ಮೊಮ್ಮಗನನ್ನು ಎತ್ತುತ್ತೀಯಾ, ಯಾವ ಮಗ್ಗುಲಿಗೆ ಮಲಗುತ್ತೀ. ಎಲ್ಲ ಹೇಳಿದೆ, ಪೂಜೆಯೊಂದನ್ನು ಬಿಟ್ಟು. ಅದೇನು ದುಡಿಮೆಯೇ, ಅದಕ್ಕೂ ಮೊಣಕೈಗೂ ಏನು ಸಂಬಂಧ? ಅಲ್ಲದೆ ಲಿಂಗ ಜಾರಿದ ಸಂಗತಿ ಬಾಯಿಗೆ ಬಂದುಬಿಟ್ಟರೆ? ಅವರು ಮರುದಿನವೂ ಕೇಳಿದರು, ಅದರ ಮರುದಿನವೂ ಕೇಳಿದರು. "ಮತ್ತೇನ್ ಮಾಡ್ತಿ? ನೆನಪ್ ಮಾಡು."

ಇಷ್ಟು ಕಾಳಜಿ ಯಾಕೆ? ಈ ಪ್ರಶ್ನೆ ನನ್ನನ್ನು ಕೊರೆಯತೊಡಗಿತು. ಸ್ಟೇಷನ್ ರಸ್ತೆಯಲ್ಲಿ ನೋವಿನ ಎಣ್ಣೆ ಮಾರುವವನೊಬ್ಬನಿದ್ದ. ಮಾಸ್ತರರು ಅವನ ಜೊತೆ ಚಹಾ ಕುಡಿಯುವುದನ್ನು ನೋಡಿದ್ದೆ. ಸಿಕ್ಕಿತು, ನನಗೆ ಎಣ್ಣೆ ಮಾರಿಸಿ ಕಮಿಷನ್ ಹೊಡೆಯುವ ಲೆಕ್ಕ ಎಂದುಕೊಂಡು ಅವನನ್ನು ಉಪಾಯವಾಗಿ ಕೇಳಿದೆ. ಅವನು ಕೈ ಮುಗಿದ. "ಅವರ ಹೆಸರ್ ತೆಗೀಬ್ಯಾಡ್ರಿ ಸಾವಕಾರ್ರ. ನನ್ನ ಅಂಗಡಿ ಮುಂದ ಕುಂತು, ಎಣ್ಣಿ ಹಚ್ಚಿದ್ರ ಎಲುಬಿಗಿ ತಿಳೀತದೇನು ಅಂತ ಬಂದ ಗಿರಾಕಿಗೆಲ್ಲ ಕೇಳ್ತಾರ!" ನನಗೆ ಸಮಾಧಾನವಾಗಲಿಲ್ಲ. ಇಬ್ಬರೂ ಕೂಡಿ ಆಟ ಹೂಡಿರಬಹುದು ಎಂದುಕೊಂಡೇ ಮನೆಗೆ ಬಂದೆ.

ದಂಡ ಬಿಟ್ಟು ಒಂದೂವರೆ ತಿಂಗಳಾದರೂ ನೋವು ಕದಲಲಿಲ್ಲ. ಮಾಸ್ತರರು ನನ್ನನ್ನು ಸಾಲಿನಿಂದ ಹೊರಗೆ ಕರೆದು ಅರ್ಧಗಣ್ಣಿನಿಂದ ದಿಟ್ಟಿಸಿದರು.

"ದಂಡ ಬಿಟ್ಟೀದಿ, ನೋವ್ ಬಿಟ್ಟಿಲ್ಲ. ಅಂದ್ರ ಕಳ್ಳ ಬ್ಯಾರೆ ಇದ್ದಾನ. ನೀ ಏನೋ ಮುಚ್ಚಿಡ್ಲತಿ."

"ಏನಿಲ್ರಿ ಸರ್."

"ಸಾಲಿಯಾಗೂ ಹೀಂಗೇ ಏನಿಲ್ರಿ ಅಂತಿದ್ದಿ. ಕಿಸೆ ತುಂಬ ಪೇರಲಕಾಯಿ ಇರ್ತಿದ್ವು."

ಮರುದಿನ ನಾನು ಪೂಜೆಗೆ ಕೂತಿದ್ದೆ. ಕಣ್ಣೆತ್ತಿ ನೋಡಿದರೆ ಹೊಸ್ತಿಲಾಚೆ ಮಾಸ್ತರರು, ಬೂಟು ಕಳಚಿ, ಕೈಕಟ್ಟಿ ನಿಂತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಪೂಜೆಯಲ್ಲಿ ಮಾತಾಡುವಂತಿಲ್ಲ. ಅವರು ನೋಡುತ್ತಿದ್ದದ್ದು ಲಿಂಗವನ್ನಲ್ಲ, ಅದರ ಕೆಳಗೆ, ನನ್ನ ಮೊಣಕೈಯನ್ನು. ಎದುರಿಗಿದ್ದ ಚೌರಂಗದ, ಅಂದರೆ ಕಟ್ಟಿಗೆಯ ಗಿಡ್ಡ ಪೀಠದ, ಅಂಚಿಗೆ ಮೊಣಕೈ ಊರಿ, ಕೈ ಮಡಿಚಿ ಮೇಲೆತ್ತಿ ಕೂರುವುದು ನನ್ನ ರೂಢಿ.

ಪೂಜೆ ಮುಗಿಸಿ ಜಗಳಕ್ಕೆಂದೇ ಎದ್ದು ಬಂದೆ. ಅವರು ನನ್ನನ್ನು ಬಿಟ್ಟು ಮನೆಯಾಕೆಯನ್ನು ಕೇಳಿದರು. "ತಂಗಿ, ಇಂವಾ ದಿನಾ ಎಷ್ಟೊತ್ತು ಹೀಂಗ ಕೂಡ್ತಾನ?"

"ಅಂಗಡಿ ಇದ್ದಾಗ ಹತ್ತ್ ಮಿನಿಟಿಗೆ ಏಳ್ತಿದ್ರು ಗುರೂಜಿ. ಈಗ ತಾಸಿಗಿ ಕಮ್ಮಿ ಇಲ್ಲ. ಮುಂಜಾನಿ ಒಮ್ಮೆ, ಸಂಜಿಗಿ ಒಮ್ಮೆ."

ಮಾಸ್ತರರು ಚೌರಂಗದ ಅಂಚನ್ನು ತೋರಿಸಿದರು. ಅಲ್ಲಿ ಒಂದು ರೂಪಾಯಿ ಅಗಲದಷ್ಟು ಬಣ್ಣ ಹೋಗಿ ಕಟ್ಟಿಗೆ ಹೊಳೆಯುತ್ತಿತ್ತು. "ಕಟ್ಟಿಗಿನೇ ಸವದಾದ. ನಿನ್ನ ಕೈ ಏನ್ ಕಬ್ಬಿಣದ್ದೇನು? ನಡಿ, ಡಾಕ್ಟರ್ ಮುಂದ ಇದನ್ನ ಹೇಳು."

ಡಾಕ್ಟರರು ನನ್ನ ಕೈಯನ್ನು ಹಾಗೇ ಮಡಿಚಿಸಿ, ಮೊಣಕೈಯ ಒಳಮೂಲೆಯನ್ನು ತಟ್ಟಿದರು. ಕಿರುಬೆರಳಿನತನಕ ಮಿಂಚು ಹರಿಯಿತು. ಅಲ್ಲೊಂದು ನರ ಹಾದುಹೋಗುತ್ತದಂತೆ. ಮಡಿಚಿದ ಕೈಯನ್ನು ದಿನವೂ ತಾಸುಗಟ್ಟಲೆ ಅಂಚಿಗೆ ಒತ್ತಿದರೆ ಅದು ಸುಮ್ಮನಿರುತ್ತದೆಯೇ? "ಮೊದಲೇ ಯಾಕ ಹೇಳ್ಲಿಲ್ರಿ ಕಾಕಾ?" ಎಂದು ಕೇಳಿದರು. ವೈದ್ಯರ ಹತ್ತಿರ ಏನನ್ನೂ ಬಚ್ಚಿಡಬಾರದು ಎಂಬುದನ್ನು ಊರಿಗೆಲ್ಲ ಹೇಳುವವನು ನಾನೇ.

ಊರುವುದನ್ನು ಬಿಟ್ಟೆ. ಪೂಜೆಯನ್ನು ಮೊದಲಿನ ಹತ್ತು ನಿಮಿಷಕ್ಕೆ ತಂದೆ, ರಾತ್ರಿ ಕೈ ಮಡಿಚದೆ ಮಲಗುವುದನ್ನು ಕಲಿತೆ. ಜುಮುಗುಟ್ಟುವುದು ನಿಧಾನವಾಗಿ ಹೋಯಿತು. ದೀಪಾವಳಿಯ ಹೊತ್ತಿಗೆ ಮಾಸ್ತರರು ಮೊದಲ ದಿನ ಎರಡು, ಮರುವಾರ ನಾಲ್ಕು ಎಂದು ಗೋಡೆ ದಂಡ ಮತ್ತೆ ಶುರು ಮಾಡಿಸಿದರು. ಅಂಗೈಯಲ್ಲಿ ಲಿಂಗ ಅಲುಗದೆ ಕೂತ ಬೆಳಿಗ್ಗೆ ನಾನು ಅತ್ತುಬಿಟ್ಟೆ.

ಆದರೂ ಸಂಶಯ ಹೋಗಲಿಲ್ಲ. ಒಂದು ಚೀಲ ತೊಗರಿಬೇಳೆ ಕಳಿಸಿದೆ, ಅದು ಹಾಗೇ ವಾಪಸು ಬಂತು. ಬೇಳೆಗೆ ಬಗ್ಗದ ಮನುಷ್ಯ ಇನ್ನೇನೋ ದೊಡ್ಡದಕ್ಕೆ ಹೊಂಚು ಹಾಕಿರಬೇಕು ಎಂದುಕೊಂಡೆ.

ಕಳೆದ ಚಳಿಗಾಲದಲ್ಲಿ ಅವರು ಮೈದಾನಕ್ಕೆ ಬರುವುದು ನಿಂತಿತು. ಎದೆಯ ಕಾಯಿಲೆ ಎಂದರು. ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಸೊಸೆ ಚಹಾ ತರಲು ಒಳಗೆ ಹೋದದ್ದೇ ತಡ, ನನ್ನನ್ನು ಹತ್ತಿರ ಕರೆದರು.

"ಒಂದ್ ಮಾತ್ ಖರೆ ಹೇಳು. ಅದು ಚೌರಂಗದಿಂದಾನೇ ಆಗಿದ್ದು ಹೌದಲ್ಲ?"

"ಹೌದ್ರಿ ಸರ್. ನೀವೇ ಹಿಡಿದ್ರಲ್ಲ?"

ಅವರು ನನ್ನ ಎಡ ಮೊಣಕೈಯನ್ನು ಮುಟ್ಟಿ ನೋಡಿದರು. "ಎಂಟನೇ ಇಯತ್ತೆದಾಗ ನೀ ಕವಾಯತ್ ತಪ್ಪಿದಿ ಅಂತ ಬಡಿಗಿಲಿಂದ ಹೊಡದಿದ್ದೆ. ಇದೇ ಎಡ ಮೊಣಕೈಗಿ. ಎಲುಬಿಗಿ ಬಿದ್ದ ಸಪ್ಪಳ ಇನ್ನಾ ಕಿವ್ಯಾಗದ. ನೀ ಅಳ್ಳಿಲ್ಲ, ಕೈ ಹಿಡ್ಕೊಂಡು ನಿಂತಿ. ಈಗ ಮುದುಕ ಆಗಿ ಹಂಗೇ ಕೈ ಹಿಡ್ಕೊಂಡು ಬಂದ್ ನಿಂತಾಗ ನನ್ನ ಜೀವ ಹಾರಿತು. ಅದಕ್ಕೇ ನಿನ್ನ ಬೆನ್ನ ಹತ್ತಿದ್ದೆ. ಕಳ್ಳ ನಾನೇ ಇದ್ದೀನೇನೋ ಅಂತ."

ನಾನು ಅವರ ಹಿಂದೆ ಎಣ್ಣೆ ಹುಡುಕುತ್ತಿದ್ದಾಗ ಅವರು ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದರು. ನಿಜ ಹೇಳಬೇಕೆಂದರೆ ಆ ಏಟು ನನಗೆ ನೆನಪೇ ಇಲ್ಲ. ಹಾಗೆಂದು ಹೇಳಿದೆ.

"ಮುದುಕನ ಮನಸ ನೋಯಬಾರದಂತ ಸುಳ್ಳ ಹೇಳ್ಲತಿ" ಅಂದರು. "ನೀ ವ್ಯಾಪಾರಿ."

"ನಿಮ್ಮಾಣಿ ಸರ್, ನೆನಪಿಲ್ಲ. ಮೊಣಕೈ ಈಗ ಗಟ್ಟಿ ಅದ. ಬೇಕಂದ್ರ ನೋಡ್ರಿ."

ಅಂಗಿಯ ತೋಳು ಮಡಿಚಿ, ಆ ಕೋಣೆಯ ಗೋಡೆಗೆ ಎರಡೂ ಕೈಯೂರಿ ನಿಂತೆ. ಚಹಾ ತಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಮಾಸ್ತರರು ಏದುಸಿರಿನಲ್ಲೇ ಎಣಿಸಿದರು. ಏಕ್, ದೋನ್, ತೀನ್. ಇಪ್ಪತ್ತು ಹೊಡೆದೆ, ಇನ್ನೂ ಐದು ಹೊಡೆದೆ. ತಿರುಗಿ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಬೆನ್ನ ಬಾಗಿಸ್ತಿ, ನೆಟ್ಟಗ ಇಡು" ಎಂದರು.

ಎಂಟು ದಿನಕ್ಕೆ ಅವರು ಹೋದರು. ಜೀವಮಾನವೆಲ್ಲ ಯಾರ ಮಾತನ್ನೂ ನಂಬದೆ ಕಳೆದ ನನಗೆ, ಒಬ್ಬ ಮನುಷ್ಯ ನನ್ನ ಮಾತು ನಂಬಲಿ ಎಂದು ಜೀವ ಬಡಿದಾಡಿದ್ದು ಅದೊಂದೇ ಸಲ. ಅವರು ನಂಬಿ ಹೋದರೋ, ನಂಬದೆ ಹೋದರೋ, ನನಗೆ ಇವತ್ತಿಗೂ ಗೊತ್ತಿಲ್ಲ.